ಕೇಳದೆ ಕೊಟ್ಟ ದಿನ

ಸರ್ಕಾರ ನಮ್ಮ ಬೀದಿಯ ಹೆಂಗಸರ ಮೌನಕ್ಕೆ ವರ್ಷದಲ್ಲಿ ಒಂದು ದಿನ ಕೊಟ್ಟಿತು. ನಾವು ಕೇಳಿರಲಿಲ್ಲ. ಅದಕ್ಕೂ ಕೆಲವು ತಿಂಗಳ ಮುಂಚೆ, ಇದೇ ಮೌನ ಕಾನೂನಿಗೆ ವಿರುದ್ಧ ಎಂದು ನಮ್ಮ ಮನೆ ಬಾಗಿಲಿಗೆ ಪೊಲೀಸರನ್ನು ಕಳಿಸಿದ್ದೂ ಅದೇ ಸರ್ಕಾರ. ಎರಡನ್ನೂ ನಾನು ಕಣ್ಣಾರೆ ಕಂಡವಳು. ನಿಲ್ಲಿಸಿ ಅಂದಾಗಲೂ ನಮ್ಮ ಅತ್ತಿ ನಿಲ್ಲಿಸಲಿಲ್ಲ, ಮೆರವಣಿಗೆ ಮಾಡುತ್ತೇವೆ ಬನ್ನಿ ಅಂದಾಗಲೂ ಮೆರೆಯಲಿಲ್ಲ. ಅದರಿಂದ ನಮ್ಮ ಮನೆಗೆ ಆದ ನಷ್ಟ ಸಣ್ಣದಲ್ಲ. ಆದರೂ ಇದನ್ನು ತಗ್ಗಿದ ದನಿಯಲ್ಲಿ ಹೇಳುವುದು ನನ್ನಿಂದಾಗದು.

ಆಗ ನಾವು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿದ್ದೆವು. ಮಹಡಿಯಲ್ಲಿ ಮನೆಯ ಮಾಲೀಕರು, ಕೆಳಗೆ ನಾವು, ಪಕ್ಕದ ಸಣ್ಣ ಪೋರ್ಷನ್‌ನಲ್ಲಿ ಒಬ್ಬರು ಶಾಲೆಯ ಟೀಚರು. ಅಪ್ಪ ಧಾರವಾಡದ ಕಡೆಯವರು, ಬೆಂಗಳೂರಿಗೆ ಬಂದು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಾನು ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೆ. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ನಮ್ಮ ಜೊತೆಗೇ ಇದ್ದಳು.

ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿತ್ತು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ದಿನ ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲವಂತೆ. ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗಿ, ಮಿಷನ್ ಆಸ್ಪತ್ರೆಯ ಒಬ್ಬ ದೊಡ್ಡ ನರ್ಸಮ್ಮನ ಕಾಲು ಹಿಡಿದು ಹೆರಿಗೆ ಮಾಡಿಸುವ ಕೆಲಸ ಕಲಿತಳು. ನನಗೆ ಬುದ್ಧಿ ತಿಳಿದಾಗಿನಿಂದ ಅವಳು ವಿಜಯನಗರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ದಾದಿ. ಬೆಳಗ್ಗೆ ಎದ್ದು ಸ್ನಾನ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮಿಟುಕಿಸದೆ ನೋಡುತ್ತ ಕೂರುತ್ತಿದ್ದಳು. ಅವಳ ಪೂಜೆ ಅಷ್ಟೇ. ಗಂಟೆ ಇಲ್ಲ, ಹಾಡಿಲ್ಲ.

ಸಂಜೆಯ ಕೂಟ ಶುರುವಾದದ್ದು ಒಂದು ಕೆಟ್ಟ ಸೋಮವಾರ. ಅವತ್ತು ಆಸ್ಪತ್ರೆಯಲ್ಲಿ ಒಂದು ಹೆರಿಗೆ ಕಷ್ಟವಾಗಿ, ಮಗು ಉಳಿದು ತಾಯಿ ಹೋಗಿಬಿಟ್ಟಿದ್ದಳು. ಅತ್ತಿ ಮನೆಗೆ ಬಂದವಳು ಕೈಕಾಲು ತೊಳೆದು ಮುಂದಿನ ಕೋಣೆಯ ಚಾಪೆಯ ಮೇಲೆ ಕೂತಳು. ಅವಳು ಒಂದು ಊದಿನಕಡ್ಡಿ ಹಚ್ಚಿ ಎದುರಿಗಿಟ್ಟು, ಎಡಗೈಯನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡು ಬರಿ ಅಂಗೈಯನ್ನೇ ನೋಡತೊಡಗಿದಳು. ಲಿಂಗ ಕರಡಿಗೆಯೊಳಗೇ ಇತ್ತು. ಅಷ್ಟರಲ್ಲಿ ಪಕ್ಕದ ಟೀಚರು ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದರು. ಅತ್ತಿಯನ್ನು ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಬಟ್ಟಲನ್ನು ಗೋಡೆಯ ಪಕ್ಕ ಇಟ್ಟು ಅವರೂ ಕೂತು ತಮ್ಮ ಅಂಗೈ ಬಿಡಿಸಿದರು. ಯಾಕೆ ಕೂತರು ಎಂದು ಮುಂದೊಂದು ದಿನ ಕೇಳಿದೆ.

"ಗೊತ್ತಿಲ್ಲ ಕಣೇ. ಬೆಳಗ್ಗೆಯಿಂದ ಮಕ್ಕಳ ಹತ್ರ ಕಿರುಚಿ ಕಿರುಚಿ ಬಂದಿದ್ದೆ. ನಿಮ್ಮತ್ತೆ ಸುಮ್ಮನೆ ಕೂತಿದ್ದು ನೋಡಿ ಹೊಟ್ಟೆಕಿಚ್ಚಾಯ್ತು" ಅಂದರು.

ಮುಂದಿನ ಸೋಮವಾರ ಅವರು ಮತ್ತೆ ಬಂದರು. ಆಮೇಲೆ ನಮ್ಮವ್ವ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಎದುರು ಮನೆಯಲ್ಲಿ ಊದುಬತ್ತಿ ಹೊಸೆದು ಅಂಗಡಿಗೆ ಕೊಡುವ ಅಕ್ಕ ಒಬ್ಬರಿದ್ದರು. ಅವರ ಅಂಗೈ ಮಸಿ ಹತ್ತಿ ಕಪ್ಪಗಿರುತ್ತಿತ್ತು. "ನನ್ ಅಂಗೈಲಿ ಏನ್ ಕಾಣುತ್ತಮ್ಮಾ, ಬರೀ ಕಪ್ಪು" ಅನ್ನುತ್ತಲೇ ಅವರೂ ಬಂದರು. ಕೂಟಕ್ಕೆ ಬೇಕಾದ ಕಡ್ಡಿ ಆಮೇಲೆ ಅವರ ಮನೆಯದೇ. ಒಂದು ಕಡ್ಡಿ ಉರಿದು ಮುಗಿಯುವ ತನಕ ಕೂರುವುದು, ಕಡ್ಡಿ ಆರಿದ ಮೇಲೆ ಏಳುವುದು. ನಡುವೆ ಮಾತಿಲ್ಲ. ಮುಗಿದ ಮೇಲೂ ಅತ್ತಿ ಬೋಧನೆ ಗೀಧನೆ ಮಾಡುತ್ತಿರಲಿಲ್ಲ; "ಹಾಂ, ಹೋಗಿ ಅನ್ನಕ್ಕಿಡ್ರಿ" ಅನ್ನುತ್ತಿದ್ದಳು. ವರ್ಷ ಎರಡು ವರ್ಷದಲ್ಲಿ ನಮ್ಮ ಮುಂದಿನ ಕೋಣೆ ತುಂಬಿ, ಕೊನೆಗೆ ಬಂದವರು ಹೊಸ್ತಿಲಾಚೆ ಕೂರುವಂತಾಯಿತು.

ಅಪ್ಪನ ಪರಿಚಯದ ಹಿರಿಯರೊಬ್ಬರು ಒಂದು ಸಲ ಬಂದು ಆಕ್ಷೇಪ ಎತ್ತಿದರು. ಅಂಗೈ ನೋಡುವುದು ಲಿಂಗ ಇದ್ದವರ ಸಾಧನೆ, ಕಂಡಕಂಡ ಜಾತಿಯವರಿಗೆಲ್ಲ ಅದನ್ನು ಹೇಳಿಕೊಡುವುದು ಸರಿಯಲ್ಲ ಎಂದರು. ಅತ್ತಿ ಅವರಿಗೆ ಚಹಾ ಕೊಟ್ಟು ಹೇಳಿದಳು:

"ಮುಂಜಾನಿ ಪೂಜಿ ನಂದು. ಸಂಜೀದು ಎಲ್ಲಾರದು. ಲಿಂಗ ಇದ್ದವರು ಲಿಂಗ ನೋಡ್ತಾರ, ಇಲ್ಲದವರು ಅಂಗೈ ನೋಡ್ತಾರ. ನೋಡೂದು ಒಂದ ಐತಿ."

ಅವರು ಚಹಾ ಕುಡಿದು ಹೋದರು. ಮತ್ತೆ ಬರಲಿಲ್ಲ.

ಆಮೇಲೆ ತುರ್ತು ಪರಿಸ್ಥಿತಿ ಬಂತು. ನಮ್ಮ ಬೀದಿಯಲ್ಲಿ ಮೊದಮೊದಲು ಅದರ ಸದ್ದೇನೂ ಇರಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಅಪ್ಪ ಖುಷಿಪಟ್ಟರು. ಕಚೇರಿಯಲ್ಲಿ ಎಲ್ಲರೂ ಗಂಟೆಗೆ ಮುಂಚೆಯೇ ಹಾಜರಾಗುತ್ತಿದ್ದರಂತೆ, ಮಾತು ಕಡಿಮೆಯಾಗಿತ್ತಂತೆ. "ನಿಮ್ಮತ್ತಿ ಕೂಟದಂಗ ಆಗೇತಿ ನಮ್ಮ ಆಫೀಸು" ಎಂದು ನಗುತ್ತಿದ್ದರು. ಆ ನಗು ಬಹಳ ದಿನ ಉಳಿಯಲಿಲ್ಲ.

ಒಂದು ಸೋಮವಾರ ಸಂಜೆ, ಕಡ್ಡಿ ಅರ್ಧ ಉರಿದಿದ್ದಾಗ, ಮನೆ ಮುಂದೆ ಜೀಪು ನಿಂತಿತು. ಸಬ್ ಇನ್ಸ್‌ಪೆಕ್ಟರ್ ಒಬ್ಬರು ಗೇಟು ತೆಗೆದು ಬಂದು, ಹೊಸ್ತಿಲ ಬಳಿ ಹರಡಿದ್ದ ಚಪ್ಪಲಿಗಳನ್ನು ನೋಡಿ ಅಲ್ಲೇ ನಿಂತರು. ಒಳಗಿನ ಹೆಂಗಸರು ಯಾರೂ ತಲೆ ಎತ್ತಲಿಲ್ಲ. ಅಪ್ಪ ಹಿತ್ತಲಿನಿಂದ ಪಂಚೆ ಸರಿಮಾಡಿಕೊಳ್ಳುತ್ತ ಓಡಿಬಂದರು.

"ಏನ್ ಸ್ವಾಮಿ ಇದು, ಯಾವ ಸಂಘ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಸಂಘ ಅಲ್ಲ ಸಾರ್. ಹೆಂಗಸ್ರು. ಧ್ಯಾನ ಮಾಡ್ತಾರೆ."

"ಯಾರು ಭಾಷಣ ಮಾಡ್ತಾರೆ?"

"ಭಾಷಣ ಇಲ್ಲ ಸಾರ್. ಯಾರೂ ಮಾತೇ ಆಡಲ್ಲ."

"ಮಾತಾಡಲ್ಲ ಅಂದ್ರೆ? ಇಷ್ಟು ಜನ ಹೆಂಗಸ್ರು ಒಂದ್ ಕಡೆ ಸೇರಿ ಮಾತಾಡಲ್ಲ ಅಂದ್ರೆ ಯಾರ್ರೀ ನಂಬ್ತಾರೆ?"

ಅವರು ಗೇಲಿ ಮಾಡಲಿಲ್ಲ, ನಿಜಕ್ಕೂ ಗೊಂದಲದಲ್ಲಿದ್ದರು. ಮಾತನಾಡಿದ್ದರೆ ಏನು ಮಾತಾಡಿದರು ಎಂದು ಬರೆದುಕೊಳ್ಳಬಹುದಿತ್ತು. ಕಡ್ಡಿ ಆರುವ ತನಕ ಅವರು ಅಲ್ಲೇ ನಿಂತರು. ಆಮೇಲೆ ಅತ್ತಿ ಎದ್ದು ಬಂದಳು.

"ಯಾರೋ ಕಂಪ್ಲೇಂಟ್ ಕೊಟ್ಟಿದಾರಮ್ಮ" ಎಂದರು ಅವರು. "ಅನುಮತಿ ಇಲ್ದೆ ಐದು ಜನಕ್ಕಿಂತ ಹೆಚ್ಚು ಒಂದು ಕಡೆ ಸೇರೋ ಹಾಗಿಲ್ಲ ಈಗ. ಮುಂದಿನ ವಾರದಿಂದ ಇದನ್ನ ನಿಲ್ಲಿಸ್ಬಿಡಿ. ಸುಮ್ನೆ ನಿಮ್ಮ ತಮ್ಮನವರ ನೌಕರಿಗೆ ತೊಂದ್ರೆ."

"ಒಂದ ಕಡೆ ಸೇರಬಾರದು. ಅಷ್ಟ ಹೌದಲ್ರಿ?" ಅತ್ತಿ ಕೇಳಿದಳು.

"ಅಷ್ಟೇ."

"ಆತ್ರಿ. ಸೇರೂದಿಲ್ಲ."

ಅವಳು ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಬೇಜಾರಾಯಿತು. ಅಪ್ಪನಿಗೆ ಜೀವ ಬಂದಂತಾಯಿತು. ಆ ವಾರವೆಲ್ಲ ಅತ್ತಿ ಕೆಲಸದಿಂದ ಬಂದ ಮೇಲೆ ಬೀದಿಯ ಒಂದೊಂದೇ ಮನೆಗೆ ಹೋಗಿ ಬರುತ್ತಿದ್ದಳು. ಬಾಣಂತಿ ನೋಡುವುದಕ್ಕೋ, ಕೂಸಿನ ಹೊಕ್ಕುಳು ನೋಡುವುದಕ್ಕೋ ಅವಳು ಹಾಗೆ ಹೋಗುವುದು ವಾಡಿಕೆಯಾದ್ದರಿಂದ ಯಾರೂ ಗಮನಿಸಲಿಲ್ಲ.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಅತ್ತಿ ಚಾಪೆ ತೆಗೆದುಕೊಂಡು ಮನೆ ಮುಂದಿನ ಕಟ್ಟೆಯ ಮೇಲೆ ಹಾಸಿ ಕೂತಳು. ಎದುರು ಕಟ್ಟೆಯ ಮೇಲೆ ಊದುಬತ್ತಿ ಅಕ್ಕ. ಅವರಾಚೆ ಹಾಲಿನವರ ಮನೆಯ ಮುದುಕಿ. ಆಚೆ ಈಚೆ, ಬೀದಿಯ ಆ ತುದಿಯವರೆಗೂ, ತಂತಮ್ಮ ಬಾಗಿಲ ಮುಂದೆ ತಂತಮ್ಮ ಊದುಬತ್ತಿ ಹಚ್ಚಿಕೊಂಡು ಹೆಂಗಸರು ಅಂಗೈ ಬಿಡಿಸಿ ಕೂತಿದ್ದರು. ಅವ್ವ ಅತ್ತಿಯ ಪಕ್ಕದಲ್ಲಿ ಕೂತಳು. ನಮ್ಮ ಪಕ್ಕದ ಬಾಗಿಲು ಮುಚ್ಚಿತ್ತು. ಟೀಚರಿಗೆ ಸರ್ಕಾರಿ ಸಂಬಳದ ಭಯ. ಕಡ್ಡಿ ಬೆರಳುದ್ದ ಉರಿದಿರಬೇಕು, ಆ ಬಾಗಿಲೂ ತೆರೆಯಿತು. ಅವರು ಯಾರನ್ನೂ ನೋಡದೆ ಮೆಟ್ಟಿಲ ಮೇಲೆ ಕೂತರು.

ನಾನು ಗೇಟಿನ ಬಳಿ ನಿಂತಿದ್ದೆ. ಕಾರ್ಖಾನೆಯ ಪಾಳಿ ಬಿಟ್ಟು ಸೈಕಲ್ಲಿನಲ್ಲಿ ಬರುತ್ತಿದ್ದ ಗಂಡಸರು ನಮ್ಮ ಬೀದಿಗೆ ತಿರುಗಿದ ಕೂಡಲೇ ತಾವಾಗಿ ಬೆಲ್ಲು ಹೊಡೆಯುವುದನ್ನು ನಿಲ್ಲಿಸಿದರು. ಕೆಲವರು ಇಳಿದು ಸೈಕಲ್ಲು ತಳ್ಳಿಕೊಂಡು ಹೋದರು. ಜೀಪು ಬಂತು. ಮೆಲ್ಲಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ತಿರುಗಿ ಬಂತು. ಇನ್ಸ್‌ಪೆಕ್ಟರ್ ಇಳಿಯಲಿಲ್ಲ. ತನ್ನ ಮನೆ ಬಾಗಿಲಲ್ಲಿ ಹೆಂಗಸು ಕೂರಬಾರದು ಎಂದು ಯಾವ ಕಲಮಿನಲ್ಲೂ ಬರೆದಿರಲಿಲ್ಲ. ನಾನು ಹೋಗಿ ಅವ್ವನ ಪಕ್ಕ ಕೂತೆ. ಅಲ್ಲಿಯವರೆಗೆ ಆ ಕೂಟವನ್ನು ದೊಡ್ಡವರ ಸಂಗತಿ ಎಂದುಕೊಂಡಿದ್ದವಳು ನಾನು. ಅವತ್ತು ನನ್ನ ಅಂಗೈಯನ್ನು ನೋಡುತ್ತ ನನಗಾದ ಸಂತೋಷದಲ್ಲಿ ಭಕ್ತಿ ಎಷ್ಟಿತ್ತೋ ಗೊತ್ತಿಲ್ಲ, ಸೊಕ್ಕಂತೂ ಧಾರಾಳವಾಗಿತ್ತು.

ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. "ಮಾತಿಗೆ ತಪ್ಪಿದಿ ಅಕ್ಕ" ಅಂದರು.

"ಸೇರೂದಿಲ್ಲ ಅಂದೆ. ಸೇರಿಲ್ಲ" ಅಂದಳು ಅತ್ತಿ.

ಹೀಗೆ ಸೋಮವಾರದ ಮೇಲೆ ಸೋಮವಾರ ಕಳೆಯಿತು. ಮನೆಯೊಳಗೆ ಇದ್ದದ್ದು ಬೀದಿಗೆ ಬಂದಿದ್ದರಿಂದ ಅದನ್ನು ಕಂಡವರು ಹೆಚ್ಚಾದರು. ಪಕ್ಕದ ಬೀದಿಯವರು ತಮ್ಮ ಕಟ್ಟೆಗಳ ಮೇಲೆ ಶುರುಮಾಡಿದರು. ಯಾರೋ ಪೇಪರಿನವರು ಬಂದು ಒಂದು ಚಿತ್ರ ತೆಗೆದುಕೊಂಡು ಹೋದರು. ಚಿತ್ರ ಅಚ್ಚಾಯಿತು. ಅದರ ಕೆಳಗೆ, ನಗರದ ಗೃಹಿಣಿಯರಲ್ಲಿ ಶಿಸ್ತು ಎಂದೇನೋ ಬರೆದಿದ್ದರು. ಶಿಸ್ತು ಎಂಬ ಪದ ಆ ಕಾಲದಲ್ಲಿ ಎಲ್ಲ ಗೋಡೆಗಳ ಮೇಲೂ ಇತ್ತು. ಅದನ್ನು ನೋಡಿ ಊದುಬತ್ತಿ ಅಕ್ಕ "ಶಿಸ್ತಾ? ನಾನ್ ಕೂರೋದು ಸೊಂಟ ನೋವಿಗೆ" ಅಂದರು.

ಆಮೇಲೆ ಒಂದು ಬೆಳಗ್ಗೆ ಅಪ್ಪ ಪೇಪರು ಹಿಡಿದುಕೊಂಡು ಅಡುಗೆಮನೆಗೇ ಬಂದರು. ಮೌನವಾಗಿ ಕೂತು ಧ್ಯಾನ ಮಾಡುವ ಪದ್ಧತಿಯನ್ನು ಸರ್ಕಾರ ಗೌರವಿಸುತ್ತದೆ, ಇನ್ನು ಮೇಲೆ ವರ್ಷಕ್ಕೊಂದು ದಿನ ಶಾಲೆ, ಕಚೇರಿ, ಮೈದಾನಗಳಲ್ಲಿ ಅದನ್ನು ಆಚರಿಸಲಾಗುತ್ತದೆ ಎಂದು ಸುದ್ದಿ ಇತ್ತು. ಅಪ್ಪನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಬಹಳ ತಿಂಗಳಿಂದ ಕಂಡಿರಲಿಲ್ಲ.

"ನೋಡ ಅಕ್ಕ, ಸರ್ಕಾರನ ಒಪ್ಕೊಂಡೈತಿ. ಇನ್ನ ಯಾರೂ ಕೇಳಾಂಗಿಲ್ಲ."

ಅತ್ತಿ ರೊಟ್ಟಿ ತಟ್ಟುತ್ತಿದ್ದಳು. "ಒಂದ ದಿನ ಕೊಟ್ಟಾರಂದ್ರ ಉಳಿದ ದಿನ ಯಾರದು?" ಅಂದಳು.

ಅದೇ ವಾರ ಆ ಆಚರಣೆಯನ್ನು ನೋಡಿಕೊಳ್ಳುವ ಇಲಾಖೆಯ ಅಧಿಕಾರಿಯೊಬ್ಬರು ಮನೆಗೆ ಬಂದರು. ಇನ್ನೂ ಚಿಕ್ಕ ವಯಸ್ಸು, ಒಳ್ಳೆಯ ಮಾತು. ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತಿಗೆ ಕೈ ಮುಗಿದರು. ನಮ್ಮ ಬಡಾವಣೆಯ ಮೈದಾನದಲ್ಲಿ ಕಾರ್ಯಕ್ರಮ, ಮಂತ್ರಿಗಳು ಬರುತ್ತಾರೆ, ಈ ಬೀದಿಯ ಹೆಂಗಸರೆಲ್ಲ ಬಿಳಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂರಬೇಕು, ಕೊನೆಗೆ ಎಲ್ಲರೂ ಅಂಗೈಯನ್ನು ವೇದಿಕೆಯ ಕಡೆಗೆ ಚಾಚಿ ಶಿಸ್ತಿನ ಪ್ರತಿಜ್ಞೆ ಹೇಳಬೇಕು, ಅತ್ತಿಗೆ ಶಾಲು ಹೊದಿಸಿ ಸನ್ಮಾನ ಎಂದೆಲ್ಲ ವಿವರಿಸಿದರು.

"ಯಾವ ವಾರ ಬರ್ತೈತ್ರಿ ಅದು?" ಅತ್ತಿ ಕೇಳಿದಳು.

"ಗುರುವಾರ ಅಮ್ಮ."

"ನಮ್ಮದು ಸೋಮವಾರ."

"ಸರ್ಕಾರ ಆರಿಸಿರೋ ದಿನ ಅಮ್ಮ. ನಾನೇನೂ ಮಾಡೋಕಾಗಲ್ಲ."

"ಬಿಳಿ ಸೀರಿ ಯಾಕ್ರಿ? ಇವರೆಲ್ಲಾ ಗಂಡ ಇದ್ದವರು. ಉಟ್ಟ ಸೀರ್ಯಾಗ ಬರ್ತಾರ. ಅಂಗೈ ನಮ್ಮ ಕಡೆ ಇರ್ತೈತಿ, ನಿಮ್ಮ ಕಡೆ ತಿರುಗೂದಿಲ್ಲ. ಶಾಲು ನನಗ ಬ್ಯಾಡ."

ಅಧಿಕಾರಿ ಅಪ್ಪನ ಕಡೆ ನೋಡಿದರು. ಮುಂದಿನ ಮಾತನ್ನು ಅವರು ಅಪ್ಪನಿಗೆ ಹೇಳಿದರು, ಬಹಳ ಮೃದುವಾಗಿ. "ಸಾರ್, ನೀವೂ ಸರ್ಕಾರಿ ನೌಕರರು ಅಂತ ನನಗೆ ಗೊತ್ತಿದೆ. ಮೇಲಿನವರು ಈ ಬೀದಿ ಹೆಸರನ್ನೇ ಹಿಡಿದು ಕೇಳ್ತಿದಾರೆ. ಇವರು ಬರಲಿಲ್ಲ ಅಂದ್ರೆ ಅದನ್ನ ಬೇರೆ ರೀತಿ ತಿಳ್ಕೋತಾರೆ."

ಅವರು ಹೋದ ಮೇಲೆ ಅಪ್ಪ ಅತ್ತಿಯ ಎದುರು ಕೂತು ಗೋಗರೆದರು. ಮಗಳ ಓದು ಮುಗಿದಿಲ್ಲ, ಈಗ ಎಲ್ಲಿಗಾದರೂ ಎತ್ತಿ ಹಾಕಿದರೆ ಏನು ಗತಿ ಅಂದರು. ಕೊನೆಗೆ ಅತ್ತಿ "ನಿನ್ನ ಸಲುವಾಗಿ ಬರ್ತೇನಿ" ಅಂದಳು. ಮರುದಿನ ಅಧಿಕಾರಿ ಮತ್ತೆ ಬಂದಾಗ ತನ್ನ ಷರತ್ತು ಹೇಳಿದಳು: ಹೇಳಿದ ಹೊತ್ತಿಗೆ ಬರುತ್ತೇವೆ, ಒಂದು ಕಡ್ಡಿ ಆರುವ ತನಕ ಕೂರುತ್ತೇವೆ, ಏಳುತ್ತೇವೆ. ಅದಕ್ಕೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಧಿಕಾರಿ ನಿರಾಳವಾಗಿ ಒಪ್ಪಿಕೊಂಡರು. ಪ್ರತಿಜ್ಞೆಯನ್ನು ಶಾಲೆಯ ಮಕ್ಕಳ ಕೈಯಲ್ಲಿ ಹೇಳಿಸಿದರಾಯಿತು ಅಂದರು. ಹೋಗುವಾಗ ನನ್ನನ್ನು ನೋಡಿ, "ನೀವು ಕಾಲೇಜಲ್ಲಿ ಚರ್ಚಾಸ್ಪರ್ಧೆಗೆಲ್ಲ ನಿಲ್ತೀರಂತೆ, ಸ್ವಾಗತ ಭಾಷಣ ನೀವೇ ಓದಿ" ಅಂದರು. ಅಪ್ಪ ನನ್ನ ಪರವಾಗಿ ಹೂಂ ಅಂದುಬಿಟ್ಟರು.

ಗುರುವಾರ ಸಂಜೆ ಮೈದಾನದಲ್ಲಿ ಶಾಮಿಯಾನ, ಬಣ್ಣದ ಕಾಗದದ ತೋರಣ, ಕಂಬಕ್ಕೊಂದು ಲೌಡ್‌ಸ್ಪೀಕರು. ಟೀಚರು ತಮ್ಮ ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಬೆವರುತ್ತಿದ್ದರು. ನಾನು ವೇದಿಕೆಯ ಮೇಲೆ ಮೈಕಿನ ಪಕ್ಕ, ಟೈಪು ಮಾಡಿಸಿದ ಭಾಷಣ ಹಿಡಿದು ನಿಂತಿದ್ದೆ. ಅಪ್ಪ ಗಂಡಸರ ಕಡೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ಹೇಳಿದ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯವರು ಬಂದರು. ಯಾರೂ ಮಾತಾಡುತ್ತಿರಲಿಲ್ಲ. ಹಸಿರು, ಹಳದಿ, ಕೆಂಪು, ಮನೆಯಲ್ಲಿ ಉಟ್ಟ ಸೀರೆಗಳೇ. ಅತ್ತಿ ಮರಳು ತುಂಬಿದ ಒಂದು ಡಬ್ಬಿಯನ್ನು ಮುಂದೆ ಇಟ್ಟು, ಊದುಬತ್ತಿ ಅಕ್ಕ ಕೊಟ್ಟ ಕಡ್ಡಿಯನ್ನು ಅದರಲ್ಲಿ ನೆಟ್ಟು ಹಚ್ಚಿದಳು. ಎಲ್ಲರೂ ಕೂತರು. ಅಧಿಕಾರಿ ಓಡಿಬಂದರು. "ಅಮ್ಮ, ಈಗಲೇ ಶುರು ಮಾಡ್ಬೇಡಿ. ಸಾಹೇಬ್ರು ಇನ್ನೂ ಬಂದಿಲ್ಲ" ಅಂದರು. ಯಾರಿಂದಲೂ ಉತ್ತರ ಬರಲಿಲ್ಲ. ಕೂತ ಮೇಲೆ ಮಾತಾಡುವ ಪದ್ಧತಿ ಇಲ್ಲ ಎಂಬುದು ಅವರಿಗೇ ಗೊತ್ತಿತ್ತು.

ಗಾಳಿ ಬೀಸುತ್ತಿತ್ತು, ಕಡ್ಡಿ ಮಾಮೂಲಿಗಿಂತ ಬೇಗ ಉರಿಯಿತು. ಅಧಿಕಾರಿ ರಸ್ತೆಯ ಕಡೆ ನೋಡುವುದು, ಕಡ್ಡಿಯ ಕಡೆ ನೋಡುವುದು, ಹೀಗೇ ಮಾಡುತ್ತಿದ್ದರು. ಒಂದು ಸಲ ಗಾಳಿಗೆ ಅಡ್ಡವಾಗಿ ನಿಂತೂ ನೋಡಿದರು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಮರುಕ ಹುಟ್ಟಿತು. ಅವರೂ ಯಾರಿಗೋ ಉತ್ತರ ಹೇಳಬೇಕಾದವರೇ. ಕಡ್ಡಿಯ ಕೊನೆಯ ಕೆಂಡ ಮರಳಿಗೆ ತಾಗಿ ಆರಿತು. ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಎಲ್ಲಿಂದಲೋ ತರಿಸಿದ್ದ ಇನ್ನೊಂದು ಊದುಬತ್ತಿಯನ್ನು ಡಬ್ಬಿಯಲ್ಲಿ ನೆಟ್ಟು ಹಚ್ಚಿದರು.

"ಇದೊಂದು ಅಮ್ಮ, ದಯವಿಟ್ಟು" ಅಂದರು.

ಅತ್ತಿ ಎದ್ದು ಸೀರೆಯ ಮಣ್ಣು ಕೊಡವಿದಳು. "ಅದನ್ನ ನೀವು ಹಚ್ಚೀರಿ. ನೀವು ಕೂಡ್ರಿ" ಅಂದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಅಧಿಕಾರಿ ವೇದಿಕೆಗೆ ಬಂದು ನನಗೆ ಹೇಳಿದರು. "ನೀವು ಹೇಳಿದ್ರೆ ಕೇಳ್ತಾರೆ. ಮೈಕಲ್ಲಿ ಹೇಳಿ, ಎಲ್ಲರೂ ಕೂತ್ಕೊಳ್ಳಿ ಅಂತ."

ನಾನು ಮೈಕಿನ ಮುಂದೆ ಬಂದೆ. ಗಂಡಸರ ಸಾಲಿನಿಂದ ಅಪ್ಪ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆ ಇತ್ತು, ನನಗೆ ಕಂಡಿತು. ಕಾಣಲಿಲ್ಲ ಎಂದು ಇವತ್ತಿಗೂ ಹೇಳುವುದಿಲ್ಲ. ಕೆಳಗೆ ಅತ್ತಿ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ಡಬ್ಬಿಯ ಮರಳನ್ನು ನೆಲಕ್ಕೆ ಸುರಿಯುತ್ತಿದ್ದಳು. ಅವಳು ನನ್ನಿಂದ ಏನನ್ನೂ ಕೇಳಲಿಲ್ಲ. ನಾನು ಅವಳ ಕಡೆಗಾದದ್ದು ಬಹುಶಃ ಅದಕ್ಕೇ ಇರಬೇಕು.

"ನಮ್ಮ ಕೂಟ ಮುಗಿಯಿತು" ಎಂದೆ ಮೈಕಿನಲ್ಲಿ. ನನ್ನ ದನಿ ನಾಲ್ಕೂ ಕಂಬದಿಂದ ನನಗೇ ಕೇಳಿಸಿತು. "ಬಂದವರಿಗೆಲ್ಲ ನಮಸ್ಕಾರ. ಸೋಮವಾರ ಎಂದಿನಂತೆ ನಮ್ಮ ನಮ್ಮ ಮನೆ ಬಾಗಿಲಲ್ಲಿ."

ಭಾಷಣದ ಹಾಳೆಯನ್ನು ಕುರ್ಚಿಯ ಮೇಲಿಟ್ಟು ಇಳಿದು ಬಂದೆ. ಟೀಚರು ಮಕ್ಕಳನ್ನು ಬಿಟ್ಟು ಏಳುವಂತಿರಲಿಲ್ಲ. ನಾನು ಪಕ್ಕದಲ್ಲಿ ಹಾದುಹೋಗುವಾಗ ನನ್ನ ಕೈಯನ್ನೊಮ್ಮೆ ಹಿಡಿದು ಬಿಟ್ಟರು.

ಮೈದಾನ ದಾಟಿ ದೊಡ್ಡ ರಸ್ತೆಗೆ ಬರುವ ಹೊತ್ತಿಗೆ ಎದುರಿನಿಂದ ಕಾರುಗಳು ಬಂದವು. ರಸ್ತೆ ತುಂಬ ಹೆಂಗಸರಿದ್ದರಿಂದ ನಿಂತವು. ಮಂತ್ರಿಗಳು ಗಾಜು ಇಳಿಸಿ, ಮುಂದೆ ಇದ್ದ ಅತ್ತಿಯನ್ನು ಕೇಳಿದರು.

"ಏನಮ್ಮಾ, ಎಲ್ರೂ ಈ ಕಡೆ ಹೊರಟ್ರಿ? ಕಾರ್ಯಕ್ರಮ ಆ ಕಡೆ ಅಲ್ವಾ?"

"ಮುಗೀತ್ರಿ."

"ಮುಗೀತಾ? ನಾನೇ ಬಂದಿಲ್ಲವಲ್ಲಮ್ಮ."

"ನೀವು ತಡಾ ಮಾಡಿದ್ರಿ."

ಅವರು ನಕ್ಕರು. ಒಳ್ಳೆಯ ನಗುವೇ. "ವಾಪಸ್ ಬನ್ನಿ. ಐದು ನಿಮಿಷ ಕೂತ್ಕೊಳ್ಳಿ, ನಾನೂ ಕೂರ್ತೀನಿ, ಫೋಟೋದವರು ಬಂದಿದಾರೆ."

"ಎರಡ ಸಲ ಕೂಡೂ ಪದ್ಧತಿ ಇಲ್ರಿ" ಅಂದಳು ಅತ್ತಿ. "ಸೋಮವಾರ ನಮ್ಮ ಓಣಿಗೆ ಬರ್ರಿ. ಕಟ್ಟಿ ಮ್ಯಾಲ ಜಾಗಾ ಐತಿ."

ಹೆಂಗಸರು ಎರಡು ಕಡೆ ಸರಿದು ಕಾರಿಗೆ ದಾರಿ ಬಿಟ್ಟರು. ಕಾರು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಗಾಜು ಏರಿತು. ನಾವು ಮನೆಗೆ ಬಂದೆವು. ದಾರಿಯಲ್ಲಿ ಊದುಬತ್ತಿ ಅಕ್ಕನಿಗೆ ನಗು ಬಂದು, ಅದು ಒಬ್ಬರಿಂದ ಒಬ್ಬರಿಗೆ ಹತ್ತಿ, ಬೀದಿಗೆ ತಿರುಗುವ ಹೊತ್ತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅತ್ತಿಯೂ ನಕ್ಕಳು. ಅಪ್ಪ ಮಾತ್ರ ಬಹಳ ಹೊತ್ತಿನ ಮೇಲೆ ಒಬ್ಬರೇ ಬಂದರು.

ಎರಡು ವಾರದೊಳಗೆ ಅಪ್ಪನಿಗೆ ಬೀದರಿನ ಕಡೆಗೆ ವರ್ಗವಾಯಿತು. ಆದೇಶದಲ್ಲಿ ಕಾರಣವೇನೂ ಇರಲಿಲ್ಲ. ನನ್ನ ಓದಿನ ದೆಸೆಯಿಂದ ಅವ್ವ ಇಲ್ಲೇ ಉಳಿದಳು. ಅಪ್ಪ ಒಂದು ಟ್ರಂಕು ಹಿಡಿದು ಒಬ್ಬರೇ ಹೋದರು. ಬಸ್ ಸ್ಟ್ಯಾಂಡಿಗೆ ನಾನು, ಅತ್ತಿ ಹೋಗಿದ್ದೆವು. ಅತ್ತಿ ಬುತ್ತಿಯ ಗಂಟು ಕೊಟ್ಟಳು. ಅವರು ತೆಗೆದುಕೊಂಡರು, ಅವಳ ಮುಖ ನೋಡಲಿಲ್ಲ. ಬಸ್ಸು ಹೋದ ಮೇಲೆ ಅತ್ತಿ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. "ನಾ ಮಾಡಿದ್ದು ತಪ್ಪಲ್ಲ. ಆದ್ರ ಬ್ಯಾನಿ ಅವಗ ಬಂತು" ಅಂದಳು. ಹೆರಿಗೆಯ ನೋವಿಗೂ ಅವಳು ಬ್ಯಾನಿ ಎಂದೇ ಅನ್ನುತ್ತಿದ್ದಳು.

ಆ ಸೋಮವಾರ ಅವಳು ಕಟ್ಟೆಯ ಮೇಲೆ ಕೂರುತ್ತಾಳೋ ಇಲ್ಲವೋ ಎಂದು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೂತಳು. ಬೀದಿಯೂ ಕೂತಿತು.

ತುರ್ತು ಪರಿಸ್ಥಿತಿ ಹೋಯಿತು, ಚುನಾವಣೆಯಾಯಿತು, ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಗೆದ್ದ ಪಕ್ಷದ ನಮ್ಮ ಬಡಾವಣೆಯ ಮುಖಂಡರು ಹಾರ, ಹಣ್ಣಿನ ತಟ್ಟೆ ಹಿಡಿದು ಒಂದು ಸಂಜೆ ಬಂದರು. ಆ ಮೈದಾನದಲ್ಲೇ ಸಭೆ ಮಾಡುತ್ತೇವೆ ಅಂದರು. "ನೀವು ಸರ್ವಾಧಿಕಾರದ ವಿರುದ್ಧ ಕೂತೋರು ಅಮ್ಮ. ಆ ಗುರುವಾರಾನ ಇನ್ಮೇಲೆ ಪ್ರತಿವರ್ಷ ಪ್ರತಿಭಟನೆ ದಿನ ಅಂತ ಆಚರಿಸೋಣ ಅಂತಿದೀವಿ."

ಅತ್ತಿ ಹಾರವನ್ನು ಮುಟ್ಟಲಿಲ್ಲ.

"ನಾವು ಯಾರ ವಿರುದ್ಧನೂ ಕೂತಿಲ್ಲ. ಯಾರೋ ಹೇಳಿದ್ರಂತ ಏಳಲಿಲ್ಲ, ಅಷ್ಟ" ಅಂದಳು. "ಅವರಿಗೂ ಇದು ಬೇಕಾಗಿತ್ತು, ನಿಮಗೂ ಬೇಕಾಗೇತಿ. ಅವರಿಗೆ ಕೊಡಲಿಲ್ಲ. ನಿಮಗೂ ಕೊಡೂದಿಲ್ಲ."

ಒಬ್ಬ ಯುವಕ ಮೆಲ್ಲಗೆ "ನಿಮ್ಮ ತಮ್ಮನವರ ವರ್ಗಾವಣೆ ವಿಷಯ ನಾವು ಮೇಲೆ ಮಾತಾಡಬಹುದು" ಅಂದ. ಅವ್ವ ತಟ್ಟನೆ ತಲೆ ಎತ್ತಿದಳು. ಅತ್ತಿ ಅವ್ವನ ಕಡೆ ನೋಡಿದಳು. ಇದನ್ನು ತಾನು ನಿರ್ಧರಿಸುವುದಲ್ಲ ಎಂಬಂತೆ ಹಿಂದೆ ಸರಿದಳು. ಅವ್ವ ಸೆರಗಿನ ತುದಿ ತಿರುವುತ್ತ, "ಬ್ಯಾಡ್ರಿ. ಅವರಾಗೇ ಬರ್ತಾರ" ಅಂದಳು. ಇಡೀ ಕಥೆಯಲ್ಲಿ ಎಲ್ಲರಿಗಿಂತ ಗಟ್ಟಿ ಮಾತು ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸರ್ಕಾರ ಕೊಟ್ಟ ದಿನ ಬಾಳಲಿಲ್ಲ. ಮರುವರ್ಷ ಟೀಚರ ಶಾಲೆಯಲ್ಲಿ ಮಕ್ಕಳನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಸಿದರಂತೆ. ಅದರ ಮುಂದಿನ ವರ್ಷ ಯಾರಿಗೂ ನೆನಪಿರಲಿಲ್ಲ. ರದ್ದು ಮಾಡಿದ ಸುದ್ದಿಯೂ ಪೇಪರಿನಲ್ಲಿ ಬರಲಿಲ್ಲ. ಕೊಟ್ಟವರೇ ಮರೆತರೆ ಕಿತ್ತುಕೊಳ್ಳುವ ಶ್ರಮವೂ ಬೇಕಿಲ್ಲ.

ಅಪ್ಪ ಒಂದೂವರೆ ವರ್ಷಕ್ಕೆ ಮಾಮೂಲಿ ವರ್ಗಾವಣೆಯಲ್ಲೇ ಬೆಂಗಳೂರಿಗೆ ಬಂದರು. ಹೋಟೆಲಿನ ಊಟದಿಂದ ಹೊಟ್ಟೆ ಕೆಟ್ಟು ಸೊರಗಿದ್ದರು. ಬಂದ ದಿನ ಊಟಕ್ಕೆ ಕೂತಾಗ ಅತ್ತಿಗೆ ಹೇಳಿದರು: "ನಿನ್ನ ಅರ್ಧ ತಾಸಿನ ಹಟಕ್ಕ ನನ್ನ ಒಂದೂವರಿ ವರ್ಷ ಹೋತು."

"ಹೌದು" ಅಂದಳು ಅತ್ತಿ. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಕ್ಷಮೆ ಅವರು ಕೊಡಲಿಲ್ಲ, ಇವಳು ಕೇಳಲಿಲ್ಲ. ನನಗೂ ಅಪ್ಪ ಆ ಮೈಕಿನ ಮಾತನ್ನು ಎತ್ತಿ ಒಮ್ಮೆಯೂ ಬೈಯಲಿಲ್ಲ, ಹೊಗಳಲೂ ಇಲ್ಲ. ಅವರು ಕೊನೆಯವರೆಗೂ ಕಟ್ಟೆಯ ಮೇಲೆ ಕೂರಲಿಲ್ಲ. ಆದರೆ ಸೋಮವಾರ ಸಂಜೆ ಮನೆಯಲ್ಲಿ ರೇಡಿಯೋ ಹಾಕುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಮದುವೆಯಾಯಿತು. ಗಂಡನ ಮನೆ ಬಸವೇಶ್ವರನಗರದಲ್ಲಿ. ಆಗಿನ್ನೂ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮೊದಲ ಸೋಮವಾರ ಸಂಜೆ ನಾನು ಚಾಪೆ ತೆಗೆದುಕೊಂಡು ಬಾಗಿಲ ಮುಂದೆ ಹಾಸಿದೆ. ನನ್ನ ಗಂಡನ ತಾಯಿ ಒಳಗಿನಿಂದ ಬಂದರು.

"ಹೊಸ ಸೊಸೆ ದೀಪ ಹಚ್ಚೋ ಹೊತ್ತಲ್ಲಿ ಬಾಗಿಲಲ್ಲಿ ಕೂರಬಾರದು ಕಣಮ್ಮ. ನೋಡಿದೋರು ಏನಂತಾರೆ?"

"ಏನಾದ್ರೂ ಅನ್ಲಿ ಅಮ್ಮ" ಅಂದೆ. "ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಒಳಗೆ ಬಂದು ಅನ್ನಕ್ಕಿಡ್ತೀನಿ."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಕೂತಾಗಿತ್ತು.